ಕಾಯಿ ನೀರು ಮತ್ತು ಮೀಟರ್ ಮಿಸ್ತ್ರಿ

ನಮ್ಮ ಹಳೆಯ ಕಾರಿನ ಡ್ಯಾಶ್‌ಬೋರ್ಡಿನ ಕೆಳಗೆ, ಎಡಗಡೆ ಕೂತವರ ಮೊಣಕಾಲಿಗೆ ತಾಗುವ ಹಾಗೆ, ಸಲಾಯಿನ್ ಹಚ್ಚುವ ನಳಿಕೆಯ ಗೇಣುದ್ದದ ತುಂಡೊಂದು ಜೋತು ಬಿದ್ದಿದೆ. ಈಚೆಗೆ ವೈರಿಂಗ್ ನೋಡಲು ಬಂದ ಮೆಕ್ಯಾನಿಕ್ ಅದನ್ನು ಎರಡು ಬೆರಳಲ್ಲಿ ಹಿಡಿದು, "ಇದೇನ್ರಿ ಸರ, ಎಸಿ ನೀರು ಹೋಗಾಕ ಬಿಟ್ಟಾರೇನ್ರಿ?" ಎಂದು ಕೇಳಿದ. ನಮ್ಮ ಕಾರಿಗೆ ಎಸಿ ಇಲ್ಲ, ಇರುವ ಗಾಳಿಯೆಲ್ಲ ಕಿಟಕಿಯದು. "ಹಂಗಾರ ಕಿತ್ತು ಒಗೀತೇನ್ರಿ" ಎಂದಾಗ ನಾನು ಸ್ವಲ್ಪ ಜೋರಾಗಿಯೇ "ಅದಕ್ಕ ಕೈ ಹಚ್ಚಬ್ಯಾಡಪ್ಪ" ಅಂದೆ. ಪಾಪ, ಗಾಬರಿಯಾದ. ಒಂದು ಪ್ಲಾಸ್ಟಿಕ್ ನಳಿಕೆಗಾಗಿ ತಲೆ ನರೆತ ಮನುಷ್ಯ ಸಿಟ್ಟಾಗುವುದನ್ನು ಅವನು ನೋಡಿರಲಿಕ್ಕಿಲ್ಲ. ಅದನ್ನು ಅಲ್ಲಿ ಕೂರಿಸಿದವರ ಕಥೆ ಹೇಳುತ್ತ ನಿಂತಿದ್ದರೆ ಅವನ ಆ ದಿನದ ಕೆಲಸ ಕೆಡುತ್ತಿತ್ತು. ಹಾಗಾಗಿ ಇಲ್ಲಿ ಹೇಳುತ್ತೇನೆ.

ನಾವಿದ್ದ ಸಿಂದಗಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವರ ಅಂಗಡಿ ಇತ್ತು. ತೊಂಬತ್ತರ ದಶಕದ ನಡುವಿನ ಮಾತು. ಅವರ ಹೆಸರು ಹಿಡಿದು ಕರೆಯುವವರು ಊರಲ್ಲಿ ಯಾರೂ ಇರಲಿಲ್ಲ, ಎಲ್ಲರಿಗೂ ಅವರು ಮೀಟರ್ ಮಿಸ್ತ್ರಿ. ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದರು. ಮನೆಮನೆಗೆ ಟಿವಿ ಬಂದು ರೇಡಿಯೋಗಳು ಅಟ್ಟ ಸೇರಿದ ಮೇಲೆ ಕಾರು, ಜೀಪುಗಳ ಡ್ಯಾಶ್‌ಬೋರ್ಡಿಗೆ ಕೈ ಹಾಕಿದರು. ಎಂಜಿನ್ನನ್ನು ಬಿಚ್ಚಿ ನೆಲದ ಮೇಲೆ ಹರವುವ ಗಟ್ಟಿಗರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದರು. ಆದರೆ ಮೀಟರಿನ ಹಿಂದಿನ ಬಣ್ಣಬಣ್ಣದ ವೈರುಗಳನ್ನು, ತೆಳು ತಾಮ್ರದ ಗೆರೆಗಳ ಆ ಹಾಳೆಯನ್ನು ಕಂಡರೆ ಅವರೆಲ್ಲ ಮಿಸ್ತ್ರಿಯ ಅಂಗಡಿಯ ಕಡೆಗೆ ಬೆರಳು ತೋರಿಸುತ್ತಿದ್ದರು.

ಬಡಕಲು ಮೈ, ಉದ್ದನೆಯ ಆಳು, ಕಾಲು ಮುರಿದ ಕನ್ನಡಕಕ್ಕೆ ತಾಮ್ರದ ತಂತಿ. ಮಾತು ಮಾತ್ರ ದಪ್ಪ. ಗಿರಾಕಿಗಳನ್ನು ಬೈಯದೆ ಅವರು ಕೆಲಸ ಶುರು ಮಾಡಿದ್ದು ನನಗೆ ನೆನಪಿಲ್ಲ. ಒಬ್ಬ ಜೀಪಿನವನು ಬಂದು, ಆಯಿಲ್ಲಿನ ಕೆಂಪು ದೀಪ ಹತ್ತಿಕೊಂಡರೆ ಪ್ಯಾಸೆಂಜರುಗಳು ಹೆದರುತ್ತಾರೆ, ಅದರ ವೈರು ಕತ್ತರಿಸಿಬಿಡಿ ಅಂದಿದ್ದ. "ಮನ್ಯಾಗ ಕೂಸು ಅತ್ತರ ಬಾಯಿಗೆ ಬಟ್ಟಿ ತುರುಕ್ತೀಯೇನು?" ಎಂದು ಅವನನ್ನು ಓಣಿಯ ತುದಿಯವರೆಗೆ ಬೈದು ಕಳಿಸಿದರು. ಹಾಗಂತ ಅವರು ತಪ್ಪೇ ಮಾಡದ ಮಹಾನುಭಾವರೇನಲ್ಲ. ತಾಳಿಕೋಟೆಯ ಅಡತಿ ವ್ಯಾಪಾರಿಯೊಬ್ಬರ ಕಾರು ರಿಪೇರಿಯಾಗಿ ಹೋದ ಮೇಲೆ, ಎಡಕ್ಕೆ ತಿರುಗುವ ದೀಪ ಹಾಕಿದಾಗಲೆಲ್ಲ ಹಾರ್ನ್ ಹೊಡೆದುಕೊಳ್ಳುತ್ತಿತ್ತು. ವ್ಯಾಪಾರಿ ತಿರುಗಿ ಬಂದು ಕೂಗಾಡಿದರೆ, "ದನಕರಕ್ಕ ದೀಪ ತಿಳಿಯಂಗಿಲ್ರಿ ಸಾವ್ಕಾರ್ರ, ಹಾರ್ನ್ ತಿಳೀತೈತಿ" ಎಂದು ಅದನ್ನೇ ಒಂದು ಸವಲತ್ತು ಮಾಡಿ ಹೇಳಿ, ಅವರು ಚಹಾ ಕುಡಿಯುವುದರೊಳಗೆ ಸರಿ ಮಾಡಿ ಕೊಟ್ಟರು.

ಅವರ ಇನ್ನೊಂದು ಚಟ ನಾಲಿಗೆಯದು. ಮೀಟರ್ ಬಿಚ್ಚಿ ಒಳಗೆ ಏನೇ ತುಕ್ಕು ಜಂಗು, ಜಿಗಟು ಕಂಡರೂ ಬೆರಳ ತುದಿಗೆ ಹಚ್ಚಿಕೊಂಡು ನೆಕ್ಕಿ ನೋಡುವುದು. ಬ್ಯಾಟರಿ ನೀರೋ, ಮಳೆ ನೀರೋ, ರೇಡಿಯೇಟರಿನದೋ ಅಂತ ಅಲ್ಲೇ ತೀರ್ಪು ಕೊಡುತ್ತಿದ್ದರು. ನಾನು ಇತಿಹಾಸದ ಮೇಷ್ಟ್ರು, ವಿಷಪ್ರಾಶನದ ಪ್ರಸಂಗಗಳನ್ನು ಪಾಠ ಮಾಡಿದವನು, ಹೆದರಿ ಬೇಡ ಅಂದರೆ ನಗುತ್ತಿದ್ದರು. "ನಾಲಿಗಿ ಮಾತಾಡುವಾಗ ಸುಳ್ಳು ಹೇಳತೈತ್ರಿ ಸರ. ನೆಕ್ಕುವಾಗ ಹೇಳಂಗಿಲ್ಲ." ಅಂಗಡಿಯ ಗೋಡೆಯ ಮೇಲೆ ಬುದ್ಧನದೊಂದು ಫೋಟೋ ಇತ್ತು. ಅದಕ್ಕೆ ಹಾರವಿಲ್ಲ, ಊದುಬತ್ತಿಯಿಲ್ಲ. ಕೇಳಿದರೆ, ಬೆಸುಗೆಯ ಹೊಗೆ ದಿನಾ ತಗೊಳ್ಳಾಕತ್ತಾನ, ಅಷ್ಟು ಸಾಕು ಅನ್ನುತ್ತಿದ್ದರು.

ಈಗ ನಮ್ಮ ಕಾರಿನ ವಿಷಯ. ಅಪ್ಪ ಲಚ್ಯಾಣದಲ್ಲಿ ಅಂಚೆ ಮಾಸ್ತರರಾಗಿದ್ದು ನಿವೃತ್ತರಾದವರು. ಜೀವಮಾನವಿಡೀ ಸೈಕಲ್ ತುಳಿದ ಮನುಷ್ಯ ನಿವೃತ್ತಿಯ ನಂತರ, ಎಲ್ಲರೂ ಬೇಡ ಬೇಡ ಅನ್ನುತ್ತಿರುವಾಗ, ಯಾರದೋ ಕೈಯಿಂದ ಬಿಳಿ ಬಣ್ಣದ ದುಂಡು ಮೈಯ ಡೀಸೆಲ್ ಕಾರೊಂದನ್ನು ಕೊಂಡು ತಂದರು. ಅವ್ವನನ್ನು ಪ್ರತಿ ಅಮಾವಾಸ್ಯೆಗೆ ಬಾಗೇವಾಡಿಗೆ, ಬಸವಣ್ಣನ ದರ್ಶನಕ್ಕೆ ಕರೆದೊಯ್ಯಬೇಕು ಅನ್ನುವುದೊಂದೇ ಅವರ ಹಂಬಲ. ಮುಂದಿನ ಸೀಟಿನಲ್ಲಿ ಎಡಕ್ಕೆ ಅವ್ವ, ಸ್ಟೇರಿಂಗ್ ಹಿಡಿದು ಅಪ್ಪ. ಕಾರು ನಡುವೆ ಎಲ್ಲಿ ಕೈಕೊಡುತ್ತದೋ ಎಂದು ಅಪ್ಪನ ಕಣ್ಣು ರಸ್ತೆಗಿಂತ ಹೆಚ್ಚು ಮೀಟರಿನ ಮುಳ್ಳುಗಳ ಮೇಲೆಯೇ ಇರುತ್ತಿತ್ತು. "ನಿಮ್ಮಪ್ಪ ನನ್ನ ಮಾರಿಕಿಂತ ಅದರ ಮಾರಿ ಹೆಚ್ಚು ನೋಡ್ಯಾರ" ಎಂದು ಅವ್ವ ನಗುತ್ತಿದ್ದಳು. ಆ ಸುಖ ಅವರಿಬ್ಬರಿಗೆ ಬಹಳ ದಿನ ದಕ್ಕಲಿಲ್ಲ. ಒಂದು ಬೇಸಿಗೆಯಲ್ಲಿ ಅಪ್ಪ ಹೋಗಿಬಿಟ್ಟರು.

ಅಪ್ಪ ಹೋದ ಮೇಲೆ ಮನೆಯ ಆರತಿ, ಉಡಿ ತುಂಬುವುದು, ತೊಟ್ಟಿಲ ಕಾರ್ಯ, ಎಲ್ಲದರಿಂದ ಅವ್ವ ತಾನಾಗಿಯೇ ಹಿಂದೆ ಸರಿದು ಗೋಡೆಗೆ ಅಂಟಿ ನಿಂತಳು. ಯಾರೂ ಅವಳಿಗೆ ದೂರ ನಿಲ್ಲು ಅನ್ನಲಿಲ್ಲ. ಬಾ ಅಂತಲೂ ಯಾರೂ ಅನ್ನಲಿಲ್ಲ. ಕಾರಿನ ಪೂಜೆ ಮಾತ್ರ ಅವಳ ಕೈಯಲ್ಲಿ ಉಳಿಯಿತು, ಯಾಕೆಂದರೆ ಅದು ಬೇಕು ಅಂತ ಬೇರೆ ಯಾರೂ ಕೇಳಿರಲಿಲ್ಲ. ಅಮಾವಾಸ್ಯೆಯ ದಿನ ಬೆಳಿಗ್ಗೆ ಮಿಂದು ಬಂದು ತನ್ನ ಸೀಟಿನಲ್ಲಿ ಕೂತು, ಡ್ಯಾಶ್‌ಬೋರ್ಡಿನ ನಡುವೆ ಇದ್ದ ಮೀಟರಿನ ಗಾಜಿಗೆ ವಿಭೂತಿ ಎಳೆದು, ಹೂ ಏರಿಸಿ, ಬಾಗಿಲ ಕಲ್ಲಿಗೆ ಒಡೆಸಿದ ಕಾಯಿಯ ನೀರನ್ನು ಬಟ್ಟಲಲ್ಲಿ ಹಿಡಿದು ಮೀಟರಿನ ನೆತ್ತಿಗೆ ಸುರಿಯುತ್ತಿದ್ದಳು. ಆಮೇಲೆ ನಾನು ಸ್ಟೇರಿಂಗ್ ಹಿಡಿಯಬೇಕು, ಬಾಗೇವಾಡಿಗೆ ಹೋಗಬೇಕು. ಅವ್ವ ಸೆರಗು ಸರಿ ಮಾಡಿಕೊಂಡು ನೆಟ್ಟಗೆ ಕೂತಿದ್ದನ್ನು ಆ ದಿನಗಳಲ್ಲಿ ನಾನು ನೋಡುತ್ತಿದ್ದುದು ಆ ಸೀಟಿನಲ್ಲಿ ಮಾತ್ರ.

ಅಂಥದ್ದೊಂದು ಅಮಾವಾಸ್ಯೆ ಡೀಸೆಲ್ಲಿನ ಮುಳ್ಳು ತಾನೇ ಮೇಲೇರಿ ತುಂಬಿದ ಗುರುತಿಗೆ ಹೋಗಿ ನಿಂತಿತು. ಹಿಂದಿನ ದಿನ ಅದು ಖಾಲಿಯ ಗುರುತಿನ ಹತ್ತಿರ ಇದ್ದುದನ್ನು ನಾನು ನೋಡಿದ್ದೆ. "ಏನವ್ವ ಇದು?" ಅಂದರೆ ಅವ್ವ ಕೈ ಮುಗಿದು, "ಬಸವಣ್ಣ ತುಂಬಿಸ್ಯಾನ. ನಡಿ ಇನ್ನ" ಅಂದಳು. ನಾನೂ ನಡೆದೆ. ಓದಿದವನು ನಾನು, ಬಂಕಿನ ಮುಂದೆಯೇ ಹಾದು ಹೋದರೂ ನಿಲ್ಲಿಸಲಿಲ್ಲ. ಬಸವಣ್ಣ ತುಂಬಿಸಿದ ಡೀಸೆಲ್ ಬಾಗೇವಾಡಿಗೆ ಇನ್ನೂ ಬಹಳ ದೂರವಿರುವಾಗಲೇ, ಜೋಳದ ಹೊಲಗಳ ನಡುವೆ ಮುಗಿಯಿತು. ಮುಳ್ಳು ಮಾತ್ರ ಇನ್ನೂ ತುಂಬಿದೆ ಎಂದೇ ತೋರಿಸುತ್ತಿತ್ತು.

ಅವ್ವ ಬಿಸಿಲಲ್ಲಿ ಜಾಲಿ ಮರದ ಕೆಳಗೆ ಕೂತಳು. ನಾನು ಲಾರಿಗೆ ಕೈ ಮಾಡಿ ಹೋಗಿ ಕ್ಯಾನಿನಲ್ಲಿ ಡೀಸೆಲ್ ತರುವುದರೊಳಗೆ ಅವಳ ಮುಖ ಬಾಡಿ ಹೋಗಿತ್ತು. ನನಗೆ ತಲೆ ಕೆಟ್ಟಿತ್ತು. ಇಂಥದ್ದೇನಾದರೊಂದು ಪದೇ ಪದೇ ಆಗುತ್ತಲೇ ಇತ್ತು. ಒಮ್ಮೆ ಕೆಂಪು ದೀಪ ಮಿಣುಕುವುದು, ಒಮ್ಮೆ ಕಾವಿನ ಮುಳ್ಳು ಹುಚ್ಚು ಹಿಡಿದಂತೆ ಏರುವುದು. "ಇದೊಂದು ಸಲ ತೋರಿಸ್ತೇನಿ. ಸರಿ ಆಗಲಿಲ್ಲಂದ್ರ ಸೋಲಾಪುರದ ಹಳೆ ಗಾಡಿ ವ್ಯಾಪಾರಿಗೆ ಕೊಟ್ಟು ಕೈ ತೊಳ್ಕೊಂತೇನಿ" ಅಂದೆ. ಅವ್ವ ಕಾರಿನ ಬಾಗಿಲ ಮೇಲೆ ಕೂತಿದ್ದ ಧೂಳನ್ನು ಸೆರಗಿನಿಂದ ಒರೆಸುತ್ತ ನಿಂತಳು. ಆ ಮಾತನ್ನೇ ನಾನು ಮಿಸ್ತ್ರಿಯವರ ಮುಂದೆಯೂ ಆಡಿದೆ. ಅವರು ಮೀಟರನ್ನು ಬಿಚ್ಚಿ, ತಿರುವಿ ಹಾಕಿ, ಹಿಂದಿನ ಹಾಳೆಯನ್ನು ಬೆಳಕಿಗೆ ಹಿಡಿದರು. ತಾಮ್ರದ ಗೆರೆಗಳ ತುಂಬ ಹಸಿರು ಜಂಗು. ಬೆರಳು ಹಚ್ಚಿದರು, ನೆಕ್ಕಿದರು.

"ಸಿಹಿ ಐತಿ" ಅಂದರು.

ಇನ್ನೊಮ್ಮೆ ನೆಕ್ಕಿ ಕೇಳಿದರು: "ಸರ, ನಿಮ್ಮ ಮನ್ಯಾಗ ಕಾಯಿ ನೀರು ಇದರ ಮ್ಯಾಲ ಯಾರು ಹಾಕ್ತಾರ?"

ನಾನು ಹೇಳಿದೆ. ಆ ನೀರು ಮೀಟರಿನ ನೆತ್ತಿಯ ಸಂದಿನಿಂದ ಇಳಿದು, ಗೆರೆಯಿಂದ ಗೆರೆಗೆ ಹರಿದು, ಕರೆಂಟಿಗೆ ಅಡ್ಡದಾರಿ ಮಾಡಿ ಕೊಡುತ್ತಿದೆ, ಮುಳ್ಳು ಏರುವುದು ಅದಕ್ಕೇ ಎಂದು ಅವರು ಬಿಡಿಸಿ ತಿಳಿಸಿದರು. ನನಗೆ ನಗು ಬಂತು, ಹಗುರವೂ ಆಯಿತು. "ಇಷ್ಟ ಹೌದಲ್ಲ? ಇವತ್ತ ಹೋಗಿ ಅವ್ವಗ ಹೇಳ್ತೇನಿ, ನೀರು ಹಾಕಬ್ಯಾಡ ಅಂತ."

ಮಿಸ್ತ್ರಿ ಬೆಸುಗೆಯ ಸಲಾಕೆಯನ್ನು ಸ್ಟ್ಯಾಂಡಿಗೆ ಇಟ್ಟರು. ಅವರ ದಪ್ಪ ದನಿ ಅಂದು ಮೊದಲ ಸಲ ಸಣ್ಣದಾಯಿತು.

"ಹೇಳಬ್ಯಾಡ್ರಿ ಸರ. ಈ ಮಾತು ಈ ಅಂಗಡಿ ದಾಟೋದು ಬ್ಯಾಡ. ನೀವು ಕಾಯಿ ನೀರು ಅಂತ ಹೇಳ್ತೀರಿ. ಮಂದಿ ಕಾಯಿ ನೀರು ಅನ್ನಂಗಿಲ್ಲ, ಅವ್ವಾರ ಕೈ ಅಂತಾರ. ಅವ್ವಾರೂ ಹಂಗ ತಿಳ್ಕೊಂತಾರ."

ಅವರು ಮೀಟರನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು.

"ನಮ್ಮಪ್ಪ ಸತ್ತ ವರ್ಷ ನಮ್ಮವ್ವನ ಕೈಲಿ ಬಿತ್ತಾಕ ಬಿಡಲಿಲ್ರಿ" ಅಂದರು. "ಅಷ್ಟು ವರ್ಷ ಆಕಿ ಬಿತ್ತಿದ್ದನ್ನ ಉಂಡ ಮಂದಿನ ಬ್ಯಾಡ ಅಂದ್ರು. ಆಕಿ ಹೊಲದ ಬದುವಿನ ಮ್ಯಾಲ ಕೂತಾಕಿ, ಮಡ್ಲಾಗ ಬೀಜ ಹಂಗ ಇದ್ವು." ಕನ್ನಡಕವನ್ನು ಅಂಗಿಯ ತುದಿಯಿಂದ ಒರೆಸಿಕೊಂಡರು. "ನಿಮ್ಮ ಕಾರು ನಾ ಸರಿ ಮಾಡ್ತೇನಿ. ವ್ಯಾಪಾರಿಗೆ ಕೊಡಬ್ಯಾಡ್ರಿ, ಅವ್ವಾರ್ಗೂ ಏನೂ ಅನಬ್ಯಾಡ್ರಿ." ನಾನು ನನ್ನವ್ವನ ಮಗನಾಗಿ ನೋಡಬೇಕಾದದ್ದನ್ನು ಅವರು ಜಂಗಿನ ಒಂದು ಹಾಳೆಯಲ್ಲಿ ನೋಡಿದ್ದರು. ಅವರ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಆ ಗಳಿಗೆಯಿಂದ.

ಮೊದಲು ಅವರು ಮಾತಿನಿಂದ ಗೆಲ್ಲಲು ನೋಡಿದರು. ಮನೆಗೆ ಬಂದು, ಕಾರಿನ ಸುತ್ತ ಒಂದು ಸುತ್ತು ಹಾಕಿ, ಏನೋ ಆಗ ಹೊಳೆದವರಂತೆ ಅವ್ವನಿಗೆ ಹೇಳಿದರು: "ಅವ್ವಾರ, ಗಾಡಿ ಓಡೋದು ಗಾಲಿಯಿಂದರಿ. ಪೂಜಿ ಗಾಲಿಗೆ ಮಾಡಬೇಕ್ರಿ. ಕಾಯಿನೂ ಅಲ್ಲೇ ಒಡೀಬೇಕು, ನೀರೂ ಅಲ್ಲೇ."

ಅವ್ವ ಮೀಟರಿನ ಕಡೆ ಕೈ ತೋರಿಸಿದಳು. "ಓಡೋದು ಗಾಲಿ ಖರೆ ತಮ್ಮಾ. ಆದ್ರ ಎಲ್ಲಿ ನಿಲ್ಲಬೇಕು, ಎಷ್ಟು ಓಡಬೇಕು ಅಂತ ಹೇಳೋದು ಇದ ಅಲ್ಲೇನು? ನೀ ಮೀಟರಿನಾಂವ ಆಗಿ ಹಿಂಗಂದ್ರ ಹೆಂಗ?"

ಊರಿನ ಡ್ರೈವರುಗಳನ್ನೆಲ್ಲ ಬಾಯಿ ಮುಚ್ಚಿಸಿದ ಮನುಷ್ಯ ತಲೆ ಕೆರೆದುಕೊಂಡು, ಚಹಾ ಕುಡಿದು, ಹೊರಟುಹೋದರು.

ಆಮೇಲೆ ಶುರುವಾಯಿತು ಅವರ ಸಾಹಸ. ಮೊದಲು ಮೀಟರಿನ ಸಂದಿಗೆಲ್ಲ ಮೇಣ ತುಂಬಿದರು. ನಮ್ಮ ಕಡೆಯ ಬಿಸಿಲಿಗೆ ಅದು ಕರಗಿ ಗಾಜಿನ ಮೇಲೆ ಇಳಿದು ಮುಳ್ಳುಗಳೇ ಕಾಣದಂತಾದವು. ಆಮೇಲೆ ಸೈಕಲ್ ಟ್ಯೂಬು ಕತ್ತರಿಸಿ ಸುತ್ತಲೂ ಬಿಗಿದರು. ಅದು ಬಿರುಕು ಬಿಟ್ಟಿತು, ನೀರು ತನ್ನ ಹಳೆಯ ದಾರಿಗೇ ಬಂತು. ಪ್ರತಿ ಅಮಾವಾಸ್ಯೆಯ ಮಾರನೆಯ ದಿನ ನಾನು ಮೀಟರ್ ಬಿಚ್ಚಿಸಿಕೊಂಡು ಅಂಗಡಿಯಲ್ಲಿ ಕೂರುವುದು, ಅವರು ಜಂಗು ಕೆರೆದು ಗೆರೆಗೆ ಗೆರೆ ಬೆಸೆಯುವುದು, ಅವ್ವ ಮನೆಯಲ್ಲಿ "ಏನಾಗಿತ್ತಂತ?" ಎಂದು ಕೇಳಿದರೆ ನಾನು "ಹಳೆ ಗಾಡಿ ಅಲ್ಲೇನವ್ವ" ಎಂದು ಹಾರಿಸುವುದು, ಹೀಗೆ ನಡೆಯಿತು. ನನ್ನ ತಾಳ್ಮೆ ತೀರಿದಾಗಲೆಲ್ಲ ಅವರು "ಇನ್ನೊಂದು ಅಮಾಸಿ ತಡೀರಿ ಸರ" ಅನ್ನುತ್ತಿದ್ದರು, ಸೋಲಾಪುರದ ವ್ಯಾಪಾರಿ ಆಗ ಹಿಂದೆ ಸರಿಯುತ್ತಿದ್ದ.

ಉಪಾಯ ಹೊಳೆದದ್ದು ಅವ್ವ ಜ್ವರ ಬಂದು ದವಾಖಾನೆಯಲ್ಲಿ ಮಲಗಿದಾಗ. ನೋಡಲು ಬಂದ ಮಿಸ್ತ್ರಿ ಅವ್ವನ ಮುಖ ನೋಡುವುದು ಬಿಟ್ಟು ಸಲಾಯಿನ್ ನಳಿಕೆಯನ್ನೇ ನೋಡುತ್ತ ನಿಂತರು. "ಹೆಂಗದೀರಿ ಅವ್ವಾರ" ಎಂದು ನಳಿಕೆಗೇ ಕೇಳಿದರು. ಹೋಗುವಾಗ ನರ್ಸಮ್ಮನ ಹತ್ತಿರ ಹೊಸ ನಳಿಕೆಯೊಂದನ್ನು ಕಾಡಿ ಬೇಡಿ ಇಸಿದುಕೊಂಡು ಹೋದರು. ಎಣ್ಣೆಯ ಡಬ್ಬದ ತಗಡನ್ನು ಬಗ್ಗಿಸಿ, ಕರಿ ಬಣ್ಣ ಬಳಿದು, ಮೀಟರಿನ ನೆತ್ತಿಗೆ ಸಣ್ಣದೊಂದು ದೋಣಿ ಮಾಡಿ ಕೂರಿಸಿದರು. ಸುರಿದ ನೀರು ಆ ದೋಣಿಗೆ ಬಿದ್ದು, ನಳಿಕೆ ಹಿಡಿದು, ಡ್ಯಾಶ್‌ಬೋರ್ಡಿನ ಕೆಳಗೆ ಇಳಿದು ಹೋಗಬೇಕು. ಹೊರಗಿನಿಂದ ನೋಡಿದರೆ ಅಲ್ಲಿ ಏನೋ ಇದೆ ಅಂತ ಗೊತ್ತೇ ಆಗುತ್ತಿರಲಿಲ್ಲ.

ಆ ಅಮಾವಾಸ್ಯೆ ಅವರೇ ಬೆಳಿಗ್ಗೆ ಬಂದು ಕಾರಿನ ಹೊರಗೆ ಕೈಕಟ್ಟಿ ನಿಂತರು. ನಾನು ಸ್ಟೇರಿಂಗಿನ ಹಿಂದೆ. ಅವ್ವ ವಿಭೂತಿ ಎಳೆದಳು, ಹೂ ಏರಿಸಿದಳು, ನೀರು ಸುರಿದಳು. ಮುಳ್ಳು ಅಲುಗಲಿಲ್ಲ. ನಾನು ಉಸಿರು ಬಿಡಬೇಕು ಅನ್ನುವಷ್ಟರಲ್ಲಿ ಅವ್ವನ ಮೊಣಕಾಲ ಪಕ್ಕ ನಳಿಕೆಯ ತುದಿಯಿಂದ ನೀರು ತೊಟ್ಟಿಕ್ಕತೊಡಗಿತು. ಇದನ್ನು ನಾವಿಬ್ಬರೂ ಯೋಚಿಸಿರಲಿಲ್ಲ. ಎಲ್ಲಿಂದ ಬಂತು, ಯಾಕೆ ಬಂತು ಎಂದು ಅವಳು ಕೇಳಿದರೆ ಎಲ್ಲವೂ ಬಯಲಾಗುತ್ತಿತ್ತು. ಕಿಟಕಿಯಾಚೆ ಮಿಸ್ತ್ರಿಯ ಮುಖ ಕಪ್ಪಿಟ್ಟಿತು.

ಅವ್ವ ಆ ಹನಿಗಳನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಬಲಗೈಯನ್ನು ಬೋಗುಣಿ ಮಾಡಿ ನಳಿಕೆಯ ಕೆಳಗೆ ಹಿಡಿದಳು. ತುಂಬಿದ್ದನ್ನು ಕುಡಿದು, ಒದ್ದೆ ಕೈಯನ್ನು ಕಣ್ಣಿಗೆ ಒತ್ತಿಕೊಂಡಳು.

"ಬಸವಣ್ಣ ಗುಡ್ಯಾಗಿನ ಗೋಮುಖ ಇದ್ದಂಗ ಮಾಡ್ಯಾನ ನೋಡು ತಮ್ಮಾ" ಅಂದಳು. "ಇಷ್ಟು ದಿನ ತೀರ್ಥ ಎಲ್ಲಿ ಹೋಗ್ತಿತ್ತೋ ಏನೋ."

ಮಿಸ್ತ್ರಿ ಕಿಟಕಿಯ ಹತ್ತಿರ ಬಗ್ಗಿ ನೋಡಿದರು. ಅವ್ವ ಮತ್ತೆ ಕೈ ತುಂಬಿಕೊಂಡು ಕಿಟಕಿಯಿಂದ ಹೊರಗೆ ಚಾಚಿದಳು: "ತಗೋ ತಮ್ಮಾ."

ಅವರು ಎರಡೂ ಅಂಗೈ ತೋರಿಸಿ ಹಿಂದೆ ಸರಿದರು. "ಕೈಗೆ ಗ್ರೀಸ್ ಐತ್ರಿ ಅವ್ವಾರ."

ಅಂದಿನಿಂದ ಅದೊಂದು ಪದ್ಧತಿಯೇ ಆಯಿತು. ಅಮಾವಾಸ್ಯೆಗೆ ನಾವು ಹೊರಡುವಾಗ ಅಂಗಡಿಯ ಮುಂದೆ ಕಾರು ನಿಲ್ಲಬೇಕು. ಅವ್ವ ಬಟ್ಟಲಲ್ಲಿ ಹಿಡಿದಿಟ್ಟ ತೀರ್ಥವನ್ನು ಚಾಚಬೇಕು. ಅವರು ಕೈ ತೋರಿಸಿ ಗ್ರೀಸ್ ಅನ್ನಬೇಕು. ಅವ್ವ ಸೀಟಿನ ಕೆಳಗಿನಿಂದ ಡಬ್ಬಿ ತೆಗೆದು ಹೋಳಿಗೆ ಕೊಡಬೇಕು. ಅದನ್ನು ಮಾತ್ರ ಅವರು ಅದೇ ಗ್ರೀಸಿನ ಕೈಯಲ್ಲಿ, ತೊಳೆಯುವ ಯೋಚನೆಯೂ ಇಲ್ಲದೆ, ಅಲ್ಲೇ ನಿಂತು ತಿನ್ನುತ್ತಿದ್ದರು. ನಾನೊಮ್ಮೆ ಅವರೊಬ್ಬರೇ ಇದ್ದಾಗ ಇದನ್ನು ಎತ್ತಿ ಆಡಿದೆ. ಅವರು ನಗಲಿಲ್ಲ. "ತೀರ್ಥ, ಪ್ರಸಾದ ನಮ್ಮಪ್ಪನ ಕಾಲಕ್ಕ ಬಿಟ್ಟೇವ್ರಿ ಸರ. ನಮ್ಮ ಮಂದಿಗೆ ಆ ನೀರು ಮ್ಯಾಲಿಂದ ಸುರೀತಿದ್ರು, ದೂರ ನಿಂತು. ಅದಕ್ಕ ಒಲ್ಲೆ. ಆದ್ರ ಅವ್ವಾರಿಗೆ ಒಲ್ಲೆ ಅನ್ನಾಕ ಬಾಯಿ ಬರಂಗಿಲ್ಲ. ಗ್ರೀಸ್ ಐತಿ ಅಂತೇನಿ, ಪಾರಾಗ್ತೇನಿ." ದೇವರನ್ನು ಒಪ್ಪದ ಈ ಮನುಷ್ಯ ನಮ್ಮವ್ವನ ದೇವರಿಗೆ ನೀರು ಇಳಿಯುವ ದಾರಿ ಮಾಡಿ ಕೊಟ್ಟಿದ್ದರು.

ವರ್ಷಗಳು ಹೋದವು. ಹೊಸ ಕಾರುಗಳು ಬಂದವು. ಅವುಗಳ ಮೀಟರಿನಲ್ಲಿ ಮುಳ್ಳಿನ ಬದಲು ಅಂಕಿ ಮಿನುಗುತ್ತಿದ್ದವು, ಕೆಟ್ಟರೆ ಇಡೀ ಮೀಟರನ್ನೇ ಬದಲಿಸುತ್ತಿದ್ದರು. ಮಿಸ್ತ್ರಿಯ ಕಣ್ಣೂ ಮಂಜಾಯಿತು. ಅಂಗಡಿ ಮುಚ್ಚಿ ಮುದ್ದೇಬಿಹಾಳಕ್ಕೆ, ಶಾಲಾ ಶಿಕ್ಷಕಿಯಾಗಿದ್ದ ಮಗಳ ಮನೆಗೆ ಹೋದರು. ಹೋಗುವ ಮುಂಚೆ ಬಂದು ನಳಿಕೆಯನ್ನು ಬಿಚ್ಚಿ ತೊಳೆದು, ಬಿಗಿದು ಕೂರಿಸಿ ಹೋದರು. ಆಮೇಲೆ ಕೆಲವು ದಿನಕ್ಕೆ ಅವರು ಹಾಸಿಗೆ ಹಿಡಿದಿದ್ದಾರೆ, ಉಣ್ಣುವುದು ಬಿಟ್ಟಿದ್ದಾರೆ ಎಂದು ಮಗಳು ಫೋನ್ ಮಾಡಿದಳು. ಅಮಾವಾಸ್ಯೆ ಹತ್ತಿರವಿತ್ತು. "ಬಾಗೇವಾಡಿಯಿಂದ ಹಂಗ ಮುಂದ ಹೋಗೂಣು" ಅಂದಳು ಅವ್ವ.

ಹೊರಡುವಾಗ ಅವ್ವ ತಾನು ದಿನಾ ಕುಡಿಯುವ ಹಿತ್ತಾಳೆ ತಂಬಿಗೆಯ ಬಾಯಿಗೆ ಬಟ್ಟೆ ಕಟ್ಟಿಕೊಂಡು ತೊಡೆಯ ಮೇಲೆ ಇಟ್ಟುಕೊಂಡಳು. ತೀರ್ಥ ಒಯ್ಯುತ್ತಿದ್ದಾಳೆ ಅಂದುಕೊಂಡೆ. ನನಗೆ ಸಂಕಟವಾಯಿತು. ಸಾಯುವ ಮನುಷ್ಯನಿಗೆ ಒಲ್ಲದ್ದನ್ನು ಕುಡಿಸಿದರೆ ಹೇಗೆ ಎಂದು ದಾರಿಯುದ್ದಕ್ಕೂ ಯೋಚಿಸಿದೆ, ಹೇಳಲು ಧೈರ್ಯ ಬರಲಿಲ್ಲ.

ಮಿಸ್ತ್ರಿ ಪಡಸಾಲೆಯ ಹೊರಸಿನ ಮೇಲೆ ಮಲಗಿದ್ದರು. ದನಿ ಕೂಡ ಬಡಕಲಾಗಿತ್ತು. ಅವ್ವ ಹೊರಸಿನ ಪಕ್ಕದಲ್ಲಿ ಕೂತು ತಂಬಿಗೆಯ ಬಟ್ಟೆ ಬಿಚ್ಚಿದಳು. ಅವರು ಅಭ್ಯಾಸಬಲದಿಂದ ಎರಡೂ ಅಂಗೈ ಎತ್ತಿ ತೋರಿಸಿದರು. ಆಮೇಲೆ ತಾವೇ ಅವುಗಳನ್ನು ನೋಡಿಕೊಂಡರು. ಎಷ್ಟೋ ದಿನದಿಂದ ಕೆಲಸವಿಲ್ಲದ ಕೈ, ಒಂದು ಚುಕ್ಕೆ ಗ್ರೀಸೂ ಇರಲಿಲ್ಲ. ಪಾರಾಗಲು ದಾರಿಯಿಲ್ಲದೆ ನನ್ನ ಕಡೆ ನೋಡಿದರು.

"ಅಂಜಬ್ಯಾಡ ತಮ್ಮಾ" ಅಂದಳು ಅವ್ವ. "ಇದು ತೀರ್ಥ ಅಲ್ಲ. ನಮ್ಮ ಮನಿ ಕೊಡದ ನೀರು. ನಾ ಕುಡಿಯೋ ತಂಬಿಗಿಲೆ ತಂದೇನಿ."

ಅವರು ಅವ್ವನನ್ನೇ ನೋಡುತ್ತ ಮಲಗಿದ್ದರು. ಅವ್ವ ಅವರ ಕತ್ತಿನ ಕೆಳಗೆ ಕೈ ಕೊಟ್ಟು ಎತ್ತಿ, ತಂಬಿಗೆಯನ್ನು ತುಟಿಗೆ ಹಿಡಿದಳು. ಅವರು ಕುಡಿದರು. ಉಳಿದದ್ದನ್ನು ಅವ್ವ ಬರುವಾಗ ಕಾರಿನಲ್ಲಿ ಕುಡಿದಳು.

ಮುಂದಿನ ಅಮಾವಾಸ್ಯೆಯ ಹೊತ್ತಿಗೆ ಅವರು ಇರಲಿಲ್ಲ. ಆ ಬೆಳಿಗ್ಗೆ ಅವ್ವ ಮಿಂದು ಬಂದವಳು ಕಾರಿನೊಳಗೆ ಕೂರಲಿಲ್ಲ. ಮುಂದಿನ ಗಾಲಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತು, ಅದಕ್ಕೆ ವಿಭೂತಿ ಎಳೆದು, ಕಾಯಿ ನೀರನ್ನು ಅಲ್ಲೇ ನೆಲಕ್ಕೆ ಬಿಟ್ಟಳು.

"ಮೀಟರಿಗೆ ಇಲ್ಲೇನವ್ವ?" ಎಂದು ಕೇಳಿದೆ.

ಅವ್ವ ಮೊಣಕಾಲ ಮೇಲೆ ಕೈಯೂರಿ ನಿಧಾನ ಎದ್ದಳು.

"ಬ್ಯಾಡ" ಅಂದಳು. "ನೀರು ಹೋಗಿ ಕೆಟ್ಟರ, ನನ್ನ ಮುಂದ ಹೇಳದಂಗ ರಿಪೇರಿ ಮಾಡಾಂವ ಈಗ ಯಾರದಾನ?"